ಕೊರಳ ಹಾರ, ಮನೆಯ ಬೀಗ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಏರುತಗ್ಗುಗಳ ನೆಲದ ಮೇಲೆ ಹರಡಿಕೊಂಡಿರುವ ಕುಮಾರಸ್ವಾಮಿ ಲೇಔಟಿನಲ್ಲಿ ನೆಂಟರ ಮನೆಯನ್ನು ಹುಡುಕಿಕೊಂಡು ಹೋದವರಿಗೆ ಒಂದು ಸಂಗತಿ ಬೇಗನೆ ಮನದಟ್ಟಾಗುತ್ತದೆ. ಬಡಾವಣೆಗೆ ಹೆಸರುಂಟು, ಅದರೊಳಗಿನ ಬೀದಿಗಳಿಗೆ ಇರುವುದು ಬಹುಮಟ್ಟಿಗೆ ಸಂಖ್ಯೆ. ಮೊದಲನೆಯ ಹಂತವೋ ಎರಡನೆಯ ಹಂತವೋ, ಎಷ್ಟನೆಯ ಮೇನು, ಎಷ್ಟನೆಯ ಕ್ರಾಸು, ಮನೆಯ ನಂಬರೆಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ತಿಳಿಯದವನು ಬೆಟ್ಟದ ಮೇಲಿನ ಕಾಲೇಜನ್ನು ಎರಡು ಬಾರಿ ಪ್ರದಕ್ಷಿಣೆ ಹಾಕಿ, ಹೊರಟ ಬಸ್ಸು ನಿಲ್ದಾಣಕ್ಕೇ ಬಂದು ನಿಲ್ಲುವುದುಂಟು. ವಿಳಾಸ ದೊರೆತು ಮನೆಯೊಳಕ್ಕೆ ಕಾಲಿಟ್ಟರೂ ಸಂಖ್ಯೆಗಳಿಂದ ಬಿಡುಗಡೆಯಿಲ್ಲ. ಮನೆಯವರ ದೂರವಾಣಿಗೆ ಹತ್ತು ಅಂಕೆ, ಆಧಾರ್ ಚೀಟಿಗೆ ಹನ್ನೆರಡು, ಬ್ಯಾಂಕಿನ ಕಾರ್ಡಿಗೆ ಸಾಮಾನ್ಯವಾಗಿ ಹದಿನಾರು.

ಹೀಗೆ ಸಂಖ್ಯೆಯನ್ನು ಹೆಸರಿನ ಬದಲಿಗೆ ಬಳಸಿ ಬಳಸಿ, ಅದಕ್ಕೆ ತನ್ನದೇ ಆದ ಸ್ವಭಾವವೊಂದುಂಟೆಂಬುದನ್ನು ನಗರವಾಸಿಗಳು ಮರೆತಿರುವಂತೆ ತೋರುತ್ತದೆ. ಮೋಟಾರು ಗಾಡಿಗೆ ನೋಡಲು ಚೆಂದವಾದ ನಂಬರು ಬೇಕೆಂದು ಹೆಚ್ಚು ಹಣ ತೆತ್ತು ಪಡೆಯುವವರಿದ್ದಾರೆ. ಆದರೆ ಅವರು ನೋಡುವುದು ಸಂಖ್ಯೆಯ ಮೈಬಣ್ಣವನ್ನು ಮಾತ್ರ. ಅದರ ಮೂಳೆ ಮಾಂಸಗಳು ಯಾವುವು, ಯಾವ ಯಾವ ಚಿಕ್ಕ ಸಂಖ್ಯೆಗಳು ಕೂಡಿಕೊಂಡು ಅದಾಗಿದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಕೇಳಿದವರು ಕನ್ನಡ ನಾಡಿನಲ್ಲಿ ಸಾವಿರದ ನೂರು ವರ್ಷಗಳಿಗೂ ಹಿಂದೆಯೇ ಇದ್ದರು. ಅಂದು ವಿನೋದಕ್ಕೆ ಒದಗಿದ ಆ ಪ್ರಶ್ನೆ ಇಂದು ಮನೆಯ ಹಣಕ್ಕೆ ಕಾವಲು ನಿಂತಿದೆ.

ನೃಪತುಂಗನ ಕಾಲದ ಹಾರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು, ಎಂದರೆ ಅಂದಿನ ಮಾನ್ಯಖೇಟವನ್ನು, ರಾಜಧಾನಿಯಾಗಿ ಮಾಡಿಕೊಂಡು ಒಂಬತ್ತನೆಯ ಶತಮಾನದಲ್ಲಿ ಆಳಿದನು. ‘ಕವಿರಾಜಮಾರ್ಗ’ದ ಕಾರಣದಿಂದ ಆತನ ಹೆಸರು ಕನ್ನಡಿಗರ ನಾಲಗೆಯ ಮೇಲಿದೆ. ಅದೇ ದೊರೆಯನ್ನು ಗ್ರಂಥಾರಂಭದಲ್ಲಿ ಸ್ತುತಿಸಿದ ಮತ್ತೊಂದು ಕೃತಿ ‘ಗಣಿತಸಾರಸಂಗ್ರಹ’. ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಇದನ್ನು ಸುಮಾರು ಕ್ರಿ. ಶ. ೮೫೦ರಲ್ಲಿ ಸಂಸ್ಕೃತದಲ್ಲಿ ರಚಿಸಿದರು. ಅದಕ್ಕೆ ಹಿಂದಿನ ಪ್ರಸಿದ್ಧ ಗಣಿತಜ್ಞರು ಲೆಕ್ಕವನ್ನು ಗ್ರಹಗತಿಯ ಶಾಸ್ತ್ರದೊಳಗೆ ಒಂದೆರಡು ಅಧ್ಯಾಯಗಳಾಗಿ ಸೇರಿಸುತ್ತಿದ್ದರು; ಮಹಾವೀರಾಚಾರ್ಯರು ಗಣಿತಕ್ಕೇ ಒಂದು ಇಡಿಯ ಗ್ರಂಥವನ್ನು ಮೀಸಲಿಟ್ಟರು. ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ, ಇವೆಲ್ಲದರಲ್ಲಿಯೂ ಗಣಿತಕ್ಕೆ ಮನ್ನಣೆಯುಂಟೆಂದು ಅವರು ಮೊದಲಲ್ಲೇ ಸಾರಿದ್ದಾರೆ. ಮದರಾಸಿನಲ್ಲಿ ೧೯೧೨ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದ ಮೇಲೆ ಲೋಕದ ವಿದ್ವಾಂಸರ ಕಣ್ಣು ಇದರ ಕಡೆಗೆ ತಿರುಗಿತು.

ಗುಣಾಕಾರವನ್ನು ಕಲಿಸುವ ಕಡೆಯಲ್ಲಿ ಆಚಾರ್ಯರು ಬೇಸರದ ಲೆಕ್ಕಗಳನ್ನು ಕೊಡಲಿಲ್ಲ. ಉತ್ತರ ಬಂದೊಡನೆ ಶಿಷ್ಯನ ಮುಖ ಅರಳುವಂಥ ಲೆಕ್ಕಗಳನ್ನು ಆರಿಸಿ ಇಟ್ಟರು. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧. ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವರು ಕಂಠಾಭರಣಕ್ಕೆ, ಎಂದರೆ ಕೊರಳ ಹಾರಕ್ಕೆ ಹೋಲಿಸಿದರು. ಕಾವ್ಯದಲ್ಲಿ ಇದಕ್ಕೆ ಗತಪ್ರತ್ಯಾಗತವೆಂದು ಹೆಸರು. ‘ವಿಕಟಕವಿ’, ‘ನವಜೀವನ’ ಎಂಬ ಪದಗಳು ಎಲ್ಲರಿಗೂ ಗೊತ್ತು. ಸಂಜೆಯ ತಿಂಡಿಗೆ ಬರುವ ‘ಸಮೋಸ’ವೂ ಅದೇ ಜಾತಿಗೆ ಸೇರಿದ್ದೆಂಬುದನ್ನು ಮಕ್ಕಳು ಬೇಗ ಕಂಡುಹಿಡಿಯುತ್ತಾರೆ.

ಈ ಹಾರಗಳಲ್ಲೆಲ್ಲ ಅಂದವಾದುದು ಹನ್ನೊಂದು ಅಂಕೆಗಳದು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ಅದು ಬರುತ್ತದೆ:

೧೨೩೪೫೬೫೪೩೨೧

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರರವರೆಗೆ ಮೆಟ್ಟಿಲು ಹತ್ತಿ, ಅದೇ ಮೆಟ್ಟಿಲುಗಳಲ್ಲಿ ಇಳಿದು ಬರುವ ಸಂಖ್ಯೆ. ಹಾರದ ನಡುವೆ ಪದಕವಿರುವಂತೆ ಮಧ್ಯದಲ್ಲಿ ಆರು ಹೊಳೆಯುತ್ತದೆ.

ಮಣಿಗಳ ಲೆಕ್ಕ

ಇದು ಕೇವಲ ಆಕಸ್ಮಿಕವೇ? ಅಲ್ಲವೆಂಬುದನ್ನು ಮಗ್ಗಿ ಬಲ್ಲ ಯಾರೂ ಒಂದು ಚೂರು ಕಾಗದದ ಮೇಲೆ ನೋಡಿಕೊಳ್ಳಬಹುದು. ಆರು ಒಂದುಗಳ ೧೧೧೧೧೧ನ್ನು ಅದರಿಂದಲೇ ಗುಣಿಸಲು ಹೊರಟರೆ, ಶಾಲೆಯಲ್ಲಿ ಕಲಿತ ರೀತಿಯಲ್ಲಿ ಆರು ಸಾಲುಗಳನ್ನು ಬರೆಯಬೇಕಾಗುತ್ತದೆ. ಪ್ರತಿ ಸಾಲೂ ೧೧೧೧೧೧. ಆದರೆ ಒಂದೊಂದೂ ಹಿಂದಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಈಗ ಕೂಡಬೇಕು. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು ಇದೆ. ಅದರ ಪಕ್ಕದಲ್ಲಿ ಎರಡು, ಅದರಾಚೆ ಮೂರು. ಹೀಗೆ ಆರನೆಯ ಸ್ಥಾನದಲ್ಲಿ ಆರೂ ಸಾಲುಗಳು ಒಂದರ ಕೆಳಗೊಂದು ಸೇರುತ್ತವೆ. ಅಲ್ಲಿಂದ ಮುಂದಕ್ಕೆ ಬಲಗಡೆಯ ಸಾಲುಗಳು ಒಂದೊಂದಾಗಿ ಮುಗಿಯುತ್ತ ಬರುವುದರಿಂದ ಐದು, ನಾಲ್ಕು, ಮೂರು, ಎರಡು, ಒಂದು. ಹಾರ ಸಿದ್ಧವಾಯಿತು. ೧೨೩೪೫೬೫೪೩೨೧ ಎಂಬುದು ೧೧೧೧೧೧ರ ವರ್ಗ.

ಅದರ ಅಂಕೆಗಳನ್ನು ಕೂಡಿದರೆ ೩೬. ಅದು ಆರರ ವರ್ಗ. ಇದೂ ಆಕಸ್ಮಿಕವಲ್ಲ, ಆರು ಸಾಲುಗಳಲ್ಲಿ ಆರಾರು ಒಂದುಗಳಿದ್ದುವು, ಕೂಡುವಾಗ ಒಂದೂ ಕಳೆದುಹೋಗಲಿಲ್ಲ.

ಎರಡು ಒಂದುಗಳಿಂದ ಹಿಡಿದು ಒಂಬತ್ತು ಒಂದುಗಳವರೆಗೆ ಇದೇ ಸೊಗಸು ನಡೆಯುತ್ತದೆ. ೧೧ರ ವರ್ಗ ೧೨೧. ೧೧೧ರ ವರ್ಗ ೧೨೩೨೧. ಹತ್ತು ಒಂದುಗಳಾದೊಡನೆ ಹಾರ ಕೆಡುತ್ತದೆ. ನಡುವಿನ ಕಂಬಸಾಲಿನಲ್ಲಿ ಹತ್ತು ಸೇರಿ, ‘ಸೊನ್ನೆ ಬರೆ, ಕೈಯಲ್ಲಿ ಒಂದು’ ಎನ್ನಬೇಕಾಗುತ್ತದೆ. ಆ ಕೈಯಲ್ಲುಳಿದ ಒಂದು ಎಡಗಡೆಯ ಮಣಿಗಳನ್ನು ಕದಲಿಸಿ, ೧೨೩೪೫೬೭೯೦೦೯೮೭೬೫೪೩೨೧ ಎಂಬ ಉತ್ತರವನ್ನು ತರುತ್ತದೆ. ಅಂದವೂ ಒಂದು ನಿಯಮಕ್ಕೆ ಒಳಪಟ್ಟದ್ದು, ಅಂದಗೇಡೂ ಅದೇ ನಿಯಮಕ್ಕೆ ಒಳಪಟ್ಟದ್ದು.

ಇನ್ನು ಒಳಗಿನ ಮಣಿಗಳನ್ನು ನೋಡಬೇಕು. ತನ್ನಿಂದಲೂ ಒಂದರಿಂದಲೂ ಹೊರತು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗಿಸಲಾಗದ ಎರಡು, ಮೂರು, ಐದು, ಏಳು, ಹನ್ನೊಂದು ಮುಂತಾದವು ಅವಿಭಾಜ್ಯ ಸಂಖ್ಯೆಗಳು. ಒಂದಕ್ಕಿಂತ ದೊಡ್ಡದಾದ ಯಾವ ಪೂರ್ಣಸಂಖ್ಯೆಯೇ ಆಗಲಿ, ಅದು ಸ್ವತಃ ಅವಿಭಾಜ್ಯವಾಗಿರುತ್ತದೆ, ಇಲ್ಲವೆ ಅವಿಭಾಜ್ಯಗಳ ಗುಣಲಬ್ಧವಾಗಿರುತ್ತದೆ. ಅಷ್ಟೇ ಅಲ್ಲ, ಮಣಿಗಳ ಕ್ರಮವನ್ನು ಬದಲಿಸಬಹುದೇ ಹೊರತು ಮಣಿಗಳನ್ನು ಬದಲಿಸಲಾಗದು. ೧೧೧೧೧೧ ಎಂದರೆ ೧೧೧ ಗುಣಿಸು ೧೦೦೧. ಅದರಲ್ಲಿ ೧೧೧ ಎಂದರೆ ೩ ಗುಣಿಸು ೩೭. ೧೦೦೧ ಎಂದರೆ ೭, ೧೧, ೧೩ ಈ ಮೂರರ ಗುಣಲಬ್ಧ. ಆದುದರಿಂದ ನಮ್ಮ ದೊಡ್ಡ ಹಾರದಲ್ಲಿ ೩, ೭, ೧೧, ೧೩, ೩೭ ಎಂಬ ಐದು ಬಗೆಯ ಮಣಿಗಳು ಎರಡೆರಡು ಸಲ ಬಂದಿವೆ.

ಇಷ್ಟು ತಿಳಿದರೆ ಆಚಾರ್ಯರ ಲೆಕ್ಕದ ಗುಟ್ಟು ತೆರೆದುಕೊಳ್ಳುತ್ತದೆ. ೪೪೧ ಎಂಬುದು ೨೧ರ ವರ್ಗ. ಎಂದರೆ ಅದರಲ್ಲಿರುವುದು ಮೂರು ಮತ್ತು ಏಳರ ಮಣಿಗಳು. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ಅದರಲ್ಲಿರುವುದು ೧೧, ೧೩, ೩೭ರ ಮಣಿಗಳು. ಹಾರದ ಮಣಿಗಳನ್ನು ಎರಡು ಬಟ್ಟಲುಗಳಿಗೆ ಹಂಚಿ, ‘ಈಗ ಸೇರಿಸು, ನೋಡೋಣ’ ಎಂದು ಶಿಷ್ಯನ ಮುಂದಿಟ್ಟ ಹಾಗಾಯಿತು.

ಹಾಗೆ ಹಂಚುವ ಬಗೆಗಳಾದರೂ ಎಷ್ಟು? ಒಂದೊಂದು ಬಗೆಯ ಮಣಿಯನ್ನು ಬಟ್ಟಲಿಗೆ ಹಾಕದೆ ಬಿಡಬಹುದು, ಒಂದನ್ನು ಹಾಕಬಹುದು, ಎರಡನ್ನೂ ಹಾಕಬಹುದು. ಐದು ಬಗೆಗಳಿಗೆ ಮೂರು ಮೂರು ದಾರಿಗಳಾದುದರಿಂದ ಮೂರನ್ನು ಐದು ಸಲ ಗುಣಿಸಿ ೨೪೩. ಆ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಅಷ್ಟು. ಅವುಗಳಲ್ಲಿ ೧೧೧೧೧೧ ತನಗೆ ತಾನೇ ಜೊತೆ. ಉಳಿದ ೨೪೨ ಜೋಡಿ ಜೋಡಿಯಾಗಿ ನಿಂತರೆ ೧೨೧ ಜೋಡಿಗಳು. ಆ ೧೨೧ ಕೂಡ ಒಂದು ಪುಟ್ಟ ಹಾರವೇ. ಇದು ಮಾತ್ರ ನಿಜವಾಗಿಯೂ ಆಕಸ್ಮಿಕ.

ಈ ತಿಳಿವಳಿಕೆಯಿಂದ ಮನೆಯಲ್ಲಿ ಮಕ್ಕಳನ್ನು ಬೆರಗುಗೊಳಿಸುವುದು ಸುಲಭ. ಕುಮಾರಸ್ವಾಮಿ ಲೇಔಟಿನ ಯಾವುದೋ ಒಂದು ಮನೆಯ ಜಗಲಿಯಲ್ಲಿ, ಭಾನುವಾರದ ಮಧ್ಯಾಹ್ನ, ನಿವೃತ್ತರಾದ ತಾತನೂ ಏಳನೆಯ ತರಗತಿಯ ಮೊಮ್ಮಗಳೂ ಕುಳಿತಿದ್ದಾರೆಂದು ಭಾವಿಸಬಹುದು.

“ಮೂರು ಅಂಕೆಯ ಒಂದು ಸಂಖ್ಯೆಯನ್ನು ಬರಿ, ಪುಟ್ಟಿ. ನನಗೆ ತೋರಿಸಬೇಡ.”

“ಬರೆದೆ, ತಾತ.”

“ಅದರ ಪಕ್ಕದಲ್ಲೇ ಅದನ್ನೇ ಇನ್ನೊಂದು ಸಲ ಬರಿ. ಈಗ ಏಳರಿಂದ ಭಾಗಿಸು.”

“ಶೇಷವೇ ಇಲ್ಲ! ೫೧೧೯೪ ಬಂತು.”

“ಅದನ್ನು ಹನ್ನೊಂದರಿಂದ ಭಾಗಿಸು. ಬಂದದ್ದನ್ನು ಹದಿಮೂರರಿಂದ ಭಾಗಿಸು.”

ಹುಡುಗಿ ಭಾಗಿಸುತ್ತಾಳೆ; ಮೊದಲು ೪೬೫೪, ಆಮೇಲೆ ೩೫೮. ತಾನು ಬರೆದಿದ್ದ ಸಂಖ್ಯೆಯೇ ತಿರುಗಿ ಬಂದುದನ್ನು ಕಂಡು, “ನೀವು ಕದ್ದು ನೋಡಿದಿರಿ, ತಾತ” ಎಂದು ಆರೋಪಿಸುತ್ತಾಳೆ. ತಾತ ಕದ್ದಿಲ್ಲ. ೩೫೮ನ್ನು ಎರಡು ಸಲ ಬರೆಯುವುದೆಂದರೆ ಅದನ್ನು ೧೦೦೧ರಿಂದ ಗುಣಿಸುವುದೆಂದೇ ಅರ್ಥ. ಏಳು, ಹನ್ನೊಂದು, ಹದಿಮೂರರಿಂದ ಭಾಗಿಸಿದಾಗ ಆ ೧೦೦೧ ಹೊರಟುಹೋಗುತ್ತದೆ. ಯಾವ ಮೂರಂಕೆಯನ್ನು ಬರೆದರೂ ಇದು ತಪ್ಪುವುದಿಲ್ಲ.

ಬೆಂಗಳೂರಿನ ಮಗಳು

ದೊಡ್ಡ ಸಂಖ್ಯೆಗಳ ಮಾತು ಬಂದಾಗ ಬೆಂಗಳೂರಿನವರು ಶಕುಂತಲಾದೇವಿಯವರನ್ನು ನೆನೆಯದಿರಲಾರರು. ಅವರು ಈ ಊರಿನಲ್ಲಿ ೧೯೨೯ರಲ್ಲಿ ಹುಟ್ಟಿ, ೨೦೧೩ರಲ್ಲಿ ಇಲ್ಲಿಯೇ ಕೊನೆಯುಸಿರೆಳೆದರು. ತಂದೆ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರು. ಮಗಳ ಲೆಕ್ಕದ ಶಕ್ತಿ ಎಳವೆಯಲ್ಲೇ ಕಾಣಿಸಿಕೊಂಡಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ೧೯೮೦ರ ಜೂನ್ ೧೮ರಂದು ಅವರ ಮುಂದೆ ಹದಿಮೂರು ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು ಇಟ್ಟರು. ಒಂದು ೭೬೮೬೩೬೯೭೭೪೮೭೦, ಇನ್ನೊಂದು ೨೪೬೫೦೯೯೭೪೫೭೭೯. ಇಪ್ಪತ್ತೆಂಟು ಸೆಕೆಂಡುಗಳಲ್ಲಿ ಅವರು ಕೊಟ್ಟ ಉತ್ತರ:

೧೮೯೪೭೬೬೮೧೭೭೯೯೫೪೨೬೪೬೨೭೭೩೭೩೦

ಇದರಲ್ಲಿ ಇಪ್ಪತ್ತಾರು ಅಂಕೆಗಳಿವೆ. ಮಹಾವೀರಾಚಾರ್ಯರು ಏಕ, ದಶ, ಶತದಿಂದ ಹಿಡಿದು ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ, ಕ್ಷೋಭಗಳನ್ನು ದಾಟಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದರು. ಶಕುಂತಲಾದೇವಿಯವರ ಉತ್ತರ ಆ ಪಟ್ಟಿಯನ್ನೂ ಮೀರಿ ಎರಡು ಸ್ಥಾನ ಮುಂದೆ ಹೋಯಿತು.

ಇಷ್ಟು ದೊಡ್ಡ ಲೆಕ್ಕವನ್ನು ಮನೆಯಲ್ಲಿ ಪರೀಕ್ಷಿಸುವುದು ಹೇಗೆ? ಹಿಂದಿನ ಮೇಷ್ಟ್ರುಗಳು ಕಲಿಸುತ್ತಿದ್ದ ಒಂಬತ್ತರ ತಾಳೆಯನ್ನು ಬಳಸಬಹುದು. ಮೊದಲನೆಯ ಸಂಖ್ಯೆಯ ಅಂಕೆಗಳ ಮೊತ್ತ ೭೮. ಅದನ್ನು ಮತ್ತೆ ಕೂಡಿದರೆ ೧೫, ಮತ್ತೆ ಕೂಡಿದರೆ ೬. ಎರಡನೆಯದರ ಮೊತ್ತ ೭೪. ಅದು ೧೧ ಆಗಿ ೨ ಆಗುತ್ತದೆ. ಆರೆರಡಲ ಹನ್ನೆರಡು, ಅದು ಮೂರು. ಉತ್ತರದ ಅಂಕೆಗಳ ಮೊತ್ತ ೧೩೮. ಅದು ೧೨ ಆಗಿ ೩ ಆಗುತ್ತದೆ. ತಾಳೆಯಾಯಿತು. ತಾಳೆಯಾದ ಮಾತ್ರಕ್ಕೆ ಉತ್ತರ ಸರಿಯೆಂದು ಸಿದ್ಧವಾಗುವುದಿಲ್ಲ. ತಾಳೆಯಾಗದಿದ್ದರೆ ತಪ್ಪೆಂಬುದು ಮಾತ್ರ ನಿಶ್ಚಯ.

ಇದಕ್ಕೆ ಮೂರು ವರ್ಷ ಮೊದಲು, ೧೯೭೭ರಲ್ಲಿ, ಅಮೆರಿಕದ ಡಲ್ಲಾಸ್ ನಗರದ ವಿಶ್ವವಿದ್ಯಾನಿಲಯವೊಂದರಲ್ಲಿ ಅವರು ೨೦೧ ಅಂಕೆಗಳ ಸಂಖ್ಯೆಯೊಂದರ ಇಪ್ಪತ್ತಮೂರನೆಯ ಮೂಲವನ್ನು ಐವತ್ತು ಸೆಕೆಂಡುಗಳಲ್ಲಿ ಹೇಳಿದ್ದರು. ಉತ್ತರ ೫೪೬೩೭೨೮೯೧. ಒಂದರಿಂದ ಒಂಬತ್ತರವರೆಗಿನ ಅಂಕೆಗಳು ಅದರಲ್ಲಿ ಒಂದೊಂದು ಸಲ ಬಂದಿರುವುದನ್ನು ವಾಚಕರು ಗಮನಿಸಬಹುದು. ೨೦೧ ಅಂಕೆಗಳ ಆ ಭಾರಿ ಹಾರ, ಒಂದೇ ಬಗೆಯ ಮಣಿಯನ್ನು ಇಪ್ಪತ್ತಮೂರು ಸಲ ಪೋಣಿಸಿದ್ದು. ಅಂಥ ಹಾರವನ್ನು ಬಿಚ್ಚುವ ಕ್ರಮ ಗಣಿತಜ್ಞರಿಗೆ ತಿಳಿದಿದೆ. ಅದನ್ನು ಐವತ್ತು ಸೆಕೆಂಡಿನಲ್ಲಿ ಮನಸ್ಸಿನೊಳಗೇ ನಡೆಸಿದುದು ಅವರ ಅಸಾಧಾರಣ ಪ್ರತಿಭೆ. ಆದರೆ ಬೇರೆ ಬೇರೆಯಾದ ಎರಡೇ ದೊಡ್ಡ ಮಣಿಗಳಿದ್ದು, ಅವು ಯಾವುವೆಂದು ಯಾರೂ ಹೇಳದಿದ್ದರೆ?

ಬಿಚ್ಚಲಾರದ ಹಾರ

ಈ ಪ್ರಶ್ನೆಗೆ ಮೊದಲ ರುಚಿ ನೋಡಲು ಆಚಾರ್ಯರ ಗ್ರಂಥವೇ ಸಾಕು. ೧೩೯, ೧೦೯ ಎರಡೂ ಅವಿಭಾಜ್ಯಗಳು. ಅವುಗಳನ್ನು ಗುಣಿಸಿ ೧೫೧೫೧ ಎಂದು ಬರೆಯಲು ಅರ್ಧ ನಿಮಿಷ ಹೆಚ್ಚು. ಉತ್ತರವನ್ನು ಮಾತ್ರ ಕೊಟ್ಟು, ‘ಇದು ಯಾವುದರಿಂದ ಆಯಿತು?’ ಎಂದರೆ ಏನು ಗತಿ? ಎರಡರಿಂದ ಭಾಗವಾಗದು, ಮೂರರಿಂದ ಆಗದು, ಐದರಿಂದ ಆಗದು, ಏಳರಿಂದ ಆಗದು. ಹೀಗೆ ಒಂದೊಂದೇ ಅವಿಭಾಜ್ಯವನ್ನು ಹಿಡಿದು ಬಿಟ್ಟು, ಇಪ್ಪತ್ತೆಂಟು ಸಲ ಸೋತು, ಇಪ್ಪತ್ತೊಂಬತ್ತನೆಯ ಸಲ ೧೦೯ರ ಹತ್ತಿರ ಬಂದಾಗ ಮಾತ್ರ ಗಂಟು ಬಿಚ್ಚುತ್ತದೆ. ಪೋಣಿಸುವುದು ಅರ್ಧ ನಿಮಿಷದ ಕೆಲಸ, ಬಿಚ್ಚುವುದು ಅರ್ಧ ಗಂಟೆಯ ಕೆಲಸ. ಮಣಿಗಳು ದೊಡ್ಡವಾದಷ್ಟೂ ಈ ಅಂತರ ಬೆಳೆಯುತ್ತಲೇ ಹೋಗುತ್ತದೆ.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞನೂ ತರ್ಕಶಾಸ್ತ್ರಜ್ಞನೂ ಆದ ಜೆವನ್ಸ್ ೧೮೭೪ರಲ್ಲಿ ತನ್ನ ಪುಸ್ತಕದಲ್ಲಿ ೮೬೧೬೪೬೦೭೯೯ ಎಂಬ ಸಂಖ್ಯೆಯನ್ನು ಬರೆದು, ಇದು ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂಬುದು ತನ್ನನ್ನು ಬಿಟ್ಟು ಬೇರೆ ಯಾರಿಗೂ ತಿಳಿಯಲಾರದೆಂದು ಅಭಿಪ್ರಾಯಪಟ್ಟನು. ಅದಕ್ಕೆ ಹತ್ತೇ ಅಂಕೆ. ಇಂದಿನ ಮೊಬೈಲ್ ನಂಬರಿನಷ್ಟು ಉದ್ದ. ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಅಮೆರಿಕದ ಗಣಿತಜ್ಞ ಲೆಹ್ಮರ್ ಅದನ್ನು ೮೯೬೮೧ ಮತ್ತು ೯೬೦೭೯ ಎಂದು ಬಿಡಿಸಿ ತೋರಿಸಿದನು. ಜೆವನ್ಸನು ಸೋತುದು ನಿಜ. ಆದರೆ ಪೋಣಿಸುವುದಕ್ಕೂ ಬಿಚ್ಚುವುದಕ್ಕೂ ಇರುವ ಅಂತರದಲ್ಲಿ ಗುಟ್ಟು ಕಾಪಾಡುವ ಶಕ್ತಿಯಿದೆಯೆಂಬ ಅವನ ಎಣಿಕೆ ಸುಳ್ಳಾಗಲಿಲ್ಲ. ಅವನ ಹಾರ ಚಿಕ್ಕದಾಗಿದ್ದಿತು, ಅಷ್ಟೇ.

ಬೀಗ

ಶಕುಂತಲಾದೇವಿಯವರು ಡಲ್ಲಾಸಿನಲ್ಲಿ ಲೆಕ್ಕ ಹೇಳಿದ ಆ ೧೯೭೭ರಲ್ಲೇ, ಅಮೆರಿಕದ ಇನ್ನೊಂದು ಮೂಲೆಯ ಮಸಾಚುಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯಲ್ಲಿ ರಿವೆಸ್ಟ್, ಶಮೀರ್, ಅಡ್ಲ್‌ಮನ್ ಎಂಬ ಮೂವರು ಈ ಅಂತರವನ್ನೇ ಬೀಗವನ್ನಾಗಿ ಮಾಡಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಆರ್‌ಎಸ್‌ಎ ಎಂದು ಹೆಸರಾಯಿತು. ಅದರ ತತ್ತ್ವ ಹೀಗಿದೆ: ಎರಡು ಮಹಾ ಅವಿಭಾಜ್ಯಗಳನ್ನು ಗುಟ್ಟಾಗಿ ಆರಿಸಿ, ಅವುಗಳ ಗುಣಲಬ್ಧವನ್ನು ಮಾತ್ರ ಲೋಕಕ್ಕೆಲ್ಲ ಸಾರಿಬಿಡುವುದು. ಆ ಗುಣಲಬ್ಧವನ್ನು ಬಳಸಿ ಯಾರು ಬೇಕಾದರೂ ಸಂದೇಶಕ್ಕೆ ಬೀಗ ಹಾಕಬಹುದು. ಬೀಗ ತೆಗೆಯಲು ಒಳಗಿನ ಎರಡು ಮಣಿಗಳನ್ನು ಬಲ್ಲವನೇ ಬೇಕು. ತಾನಾಗಿ ಬಿದ್ದು ಹಾಕಿಕೊಳ್ಳುವ ಬಾಗಿಲಿನ ಚಿಲಕದಂತೆ ಇದು: ಎಳೆದವರೆಲ್ಲ ಬಾಗಿಲು ಮುಚ್ಚಬಹುದು, ತೆರೆಯಲು ಬೀಗದ ಕೈ ಬೇಕು.

ಅದೇ ವರ್ಷ ಮಾರ್ಟಿನ್ ಗಾರ್ಡ್ನರ್ ತಮ್ಮ ಪ್ರಸಿದ್ಧ ಗಣಿತ ಅಂಕಣದಲ್ಲಿ ೧೨೯ ಅಂಕೆಗಳ ಒಂದು ಸಂಖ್ಯೆಯನ್ನು ಪ್ರಕಟಿಸಿ, ಬಿಡಿಸಿದವರಿಗೆ ನೂರು ಡಾಲರ್ ಬಹುಮಾನವೆಂದು ಸಾರಿದರು. ಅದನ್ನು ಬಿಡಿಸಲು ತಗಲುವ ಕಾಲವನ್ನು ಆಗ ಅಂದಾಜು ಮಾಡಿದಾಗ ಬಂದ ಅಂಕೆ ನಾಲ್ಕರ ಮುಂದೆ ಹದಿನಾರು ಸೊನ್ನೆಗಳಷ್ಟು ವರ್ಷಗಳು. ಮಹಾವೀರಾಚಾರ್ಯರ ಪಟ್ಟಿಯಂತೆ ಹೇಳುವುದಾದರೆ ನಾಲ್ಕು ಕ್ಷೋಣಿ ವರ್ಷಗಳು. ನಡೆದುದು ಬೇರೆ. ಹೊಸ ಉಪಾಯಗಳು ಹುಟ್ಟಿದುವು, ಗಣಕಯಂತ್ರಗಳು ಬಲಗೊಂಡುವು. ಸುಮಾರು ೬೦೦ ಮಂದಿ ಸ್ವಯಂಸೇವಕರು ತಮ್ಮ ತಮ್ಮ ಯಂತ್ರಗಳನ್ನು ಎಂಟು ತಿಂಗಳು ದುಡಿಸಿ, ೧೯೯೪ರಲ್ಲಿ ಅದನ್ನು ೬೪ ಮತ್ತು ೬೫ ಅಂಕೆಗಳ ಎರಡು ಅವಿಭಾಜ್ಯಗಳಾಗಿ ಒಡೆದರು. ಕ್ಷೋಣಿ ವರ್ಷಗಳ ಲೆಕ್ಕ ಹದಿನೇಳು ವರ್ಷಗಳಿಗೆ ಇಳಿಯಿತು. ಬೀಗ ತೆರೆದಾಗ ಒಳಗೆ ಇದ್ದುದು ಹದ್ದಿನ ಜಾತಿಯ ಹಕ್ಕಿಯೊಂದರ ಹೆಸರು ಬೆರೆತ, ಅರ್ಥವಿಲ್ಲದ ಒಂದು ಮಾತು!

ಬೀಗ ಮಾಡುವವರು ಎದೆಗುಂದಲಿಲ್ಲ. ಹಾರವನ್ನು ಉದ್ದ ಮಾಡಿದರು. ೨೫೦ ಅಂಕೆಗಳ ಇಂಥ ಒಂದು ಸಂಖ್ಯೆ ೨೦೨೦ರಲ್ಲಿ ಒಡೆಯಿತು. ಗಣಕದ ಒಂದೇ ಪ್ರೊಸೆಸರ್ ತಿರುಳು ಆ ಕೆಲಸವನ್ನೆಲ್ಲ ಮಾಡಬೇಕಾಗಿದ್ದರೆ ಸುಮಾರು ೨೭೦೦ ವರ್ಷ ಹಿಡಿಯುತ್ತಿತ್ತು. ಈಗ ಸಾಮಾನ್ಯವಾಗಿ ಬಳಸುವ ಆರ್‌ಎಸ್‌ಎ ಬೀಗದ ಸಂಖ್ಯೆಗೆ ೬೧೭ ಅಂಕೆಗಳಿವೆ. ಎಲ್ಲ ಬೀಗಗಳೂ ಇದೇ ಜಾತಿಯವಲ್ಲ, ಬೇರೆ ಗಣಿತದ ಬೀಗಗಳೂ ಉಂಟು. ಆದರೆ ಜಾಲತಾಣಗಳು ತಾವು ಯಾರೆಂದು ರುಜುವಾತುಪಡಿಸುವ ಪತ್ರಗಳಲ್ಲಿ ಇದು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ.

ಜಗಲಿಯ ಮೇಲಿನ ಆ ತಾತನ ಪಿಂಚಣಿ ತಿಂಗಳ ಮೊದಲಲ್ಲಿ ಬ್ಯಾಂಕಿಗೆ ಬಂದು ಬೀಳುತ್ತದೆ. ವಿದ್ಯುಚ್ಛಕ್ತಿಯ ಬಿಲ್ಲನ್ನು ಮಗ ಕುಳಿತಲ್ಲಿಂದಲೇ ಕಟ್ಟುತ್ತಾನೆ. ಸೊಪ್ಪಿನವಳಿಗೆ ಸೊಸೆ ಫೋನಿನಲ್ಲೇ ಹಣ ಕೊಡುತ್ತಾಳೆ. ಈ ಹಣವೆಲ್ಲ ಯಾರ ಕಣ್ಣಿಗೂ ಬೀಳದ ದಾರಿಯಲ್ಲಿ ಸಾಗುವಾಗ ಅದಕ್ಕೆ ಕಾವಲಾಗಿರುವುದು ಕಬ್ಬಿಣದ ಪೆಟ್ಟಿಗೆಯಲ್ಲ, ಬಂದೂಕಿನ ಪಹರೆಯವನೂ ಅಲ್ಲ. ಇಂಥ ಮಹಾಸಂಖ್ಯೆಗಳ ಸ್ವಭಾವ. ಮಹಾವೀರಾಚಾರ್ಯರ ಶಿಷ್ಯರನ್ನು ನಗಿಸಿದ ಗುಣಾಕಾರವೇ ಇಲ್ಲಿ ಮ್ಲಾನಮುಖದ ಕಾವಲುಗಾರನಾಗಿ ನಿಂತಿದೆ.

ಆದುದರಿಂದಲೇ ಕಳ್ಳರು ಬೀಗವನ್ನು ಒಡೆಯಲು ಹೋಗುವುದಿಲ್ಲ. ೬೧೭ ಅಂಕೆಗಳ ಹಾರವನ್ನು ಬಿಚ್ಚುವುದಕ್ಕಿಂತ, ಮನೆಯ ಹಿರಿಯರಿಗೆ ಬ್ಯಾಂಕಿನವರ ಸೋಗಿನಲ್ಲಿ ಫೋನು ಮಾಡಿ, ‘ಈಗ ಬಂದ ಆರಂಕೆಯ ಒಟಿಪಿ ಹೇಳಿ, ಯಜಮಾನರೇ’ ಎಂದು ವಿನಯದಿಂದ ಕೇಳುವುದು ಅವರಿಗೆ ಸುಲಭ. ಆರು ಅಂಕೆಗಳ ಆ ಚಿಕ್ಕ ಸಂಖ್ಯೆಗೆ ಯಾವ ಒಳಗುಟ್ಟೂ ಇಲ್ಲ. ಹೇಳದೆ ಇರುವುದೊಂದೇ ಅದರ ಬಲ. ಬಾಗಿಲಿಗೆ ಎಷ್ಟು ಭದ್ರವಾದ ಬೀಗ ಜಡಿದರೂ ಬೀಗದ ಕೈಯನ್ನು ಕಿಟಕಿಯಿಂದ ನೀಡಿದರೆ ಬೀಗವೇನು ಮಾಡೀತು? ಗಣಿತ ತನ್ನ ಕೆಲಸವನ್ನು ಮಾಡಿದೆ, ಉಳಿದುದು ಮನೆಯವರದು. ಮೋಸ ಹೋದೆವೆಂದು ತಿಳಿದ ಕ್ಷಣದಲ್ಲೇ ನಾಚಿಕೆಯನ್ನು ಬದಿಗಿಟ್ಟು ೧೯೩೦ ಎಂಬ ಸಹಾಯವಾಣಿಗೆ ಕರೆ ಮಾಡಬೇಕೆಂಬುದನ್ನು ಮನೆಯ ಹಿರಿಯರಿಗೂ ಕಿರಿಯರಿಗೂ ಹೇಳಿಕೊಡುವುದು ಮಗ್ಗಿ ಕಲಿಸುವಷ್ಟೇ ಅಗತ್ಯ.

ಇಷ್ಟೆಲ್ಲ ಆದ ಮೇಲೆ ಒಂದು ಮಾತು ಉಳಿಯುತ್ತದೆ. ದೊಡ್ಡ ಸಂಖ್ಯೆಯನ್ನು ಬಿಡಿಸುವುದು ಕಷ್ಟವೆಂದು ಎಲ್ಲರೂ ನಂಬಿದ್ದಾರೆ. ಆದರೆ ಅದು ಕಷ್ಟವೇ ಸರಿ ಎಂದು ಇಂದಿನವರೆಗೆ ಯಾರೂ ಸಾಧಿಸಿ ತೋರಿಸಿಲ್ಲ. ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂಬುದನ್ನು ಬೇಗ ತಿಳಿಯುವ ನಿಶ್ಚಿತ ಕ್ರಮವನ್ನು ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನ ಎಂಬವರು ೨೦೦೨ರಲ್ಲಿ ಕಂಡುಹಿಡಿದು ಲೋಕವನ್ನು ಬೆರಗುಗೊಳಿಸಿದರು. ಅದು ‘ಇದರೊಳಗೆ ಮಣಿಗಳಿವೆ’ ಎಂದು ಹೇಳುತ್ತದೆ. ‘ಇಂಥ ಮಣಿಗಳು’ ಎಂದು ಹೇಳುವುದಿಲ್ಲ. ಪೀಟರ್ ಶೋರ್ ಎಂಬ ಗಣಿತಜ್ಞನು ೧೯೯೪ರಲ್ಲಿ, ಕ್ವಾಂಟಮ್ ತತ್ತ್ವದ ಮೇಲೆ ನಡೆಯುವ ಗಣಕಯಂತ್ರ ಸಾಕಷ್ಟು ದೊಡ್ಡದಾಗಿ ಸಿದ್ಧವಾದರೆ ಈ ಹಾರಗಳನ್ನು ಬೇಗನೆ ಬಿಚ್ಚಬಹುದೆಂದು ತೋರಿಸಿಕೊಟ್ಟನು. ಆ ದಿನಕ್ಕೆ ಸಿದ್ಧರಾಗಿರಲೆಂದು ೨೦೨೪ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಹೊಸ ಬಗೆಯ ಬೀಗಗಳನ್ನು ಅಂಗೀಕರಿಸಿತು. ಸಂಸಾರಗಳ ದುಡ್ಡು ಇಂದು ನಂಬಿಕೊಂಡಿರುವುದು, ಬಹುಕಾಲ ಬಹುಜನ ಬುದ್ಧಿವಂತರು ಪ್ರಯತ್ನಿಸಿಯೂ ಕಾಣದೆ ಹೋದ ಒಂದು ಸುಲಭ ಮಾರ್ಗ ಇಲ್ಲವೆಂಬ ಭರವಸೆಯನ್ನು.

ಬಿಚ್ಚುವ ಕಷ್ಟವನ್ನು ಕೈಯಾರೆ ಕಾಣಬೇಕೆನ್ನುವ ವಾಚಕರಿಗಾಗಿ ಒಂದು ಸಮಸ್ಯೆ. ಆರು ಒಂದುಗಳ ೧೧೧೧೧೧ರಲ್ಲಿ ಐದು ಮಣಿಗಳಿದ್ದುವು. ಇನ್ನೊಂದು ಒಂದನ್ನು ಸೇರಿಸಿ ಏಳು ಒಂದುಗಳ ೧೧೧೧೧೧೧ನ್ನು ಮಾಡಿದರೆ ಅದರಲ್ಲಿರುವುದು ಎರಡೇ ಎರಡು ಅವಿಭಾಜ್ಯ ಮಣಿಗಳು. ಚಿಕ್ಕದು ೨೫೦ಕ್ಕಿಂತ ಕಡಮೆ. ಅವು ಯಾವುವು? ಯಂತ್ರದ ಸಹಾಯವಿಲ್ಲದೆ, ಕಾಗದ ಪೆನ್ಸಿಲುಗಳಿಂದ ಮನೆಮಂದಿಯೆಲ್ಲ ಕುಳಿತು ಬಿಡಿಸಬೇಕು. ಉತ್ತರ ಮುಂದಿನ ವಾರ.